ಇದು ಹೆಚ್ಚುವರಿ ಪ್ರಭಾರದಲ್ಲಿ ನಡೆಯುವ ಕೆಲಸವಲ್ಲ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಕನ್ನಡ ಅಧ್ಯಾಪಕಿ. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಜವಾನ ಒಂದು ಲಕೋಟೆ ತಂದುಕೊಟ್ಟ. ಒಳಗಿದ್ದದ್ದು ಒಂದು ಪುಟದ ಆದೇಶ. ಹಾಲಿ ಕರ್ತವ್ಯದ ಜೊತೆಗೆ, ಮುಂದಿನ ಆದೇಶದವರೆಗೆ, ವಿಕಲಚೇತನ ವಿದ್ಯಾರ್ಥಿಗಳ ಸಮಾನ ಅವಕಾಶ ಕೋಶದ ಸಂಯೋಜಕಿಯಾಗಿ ಹೆಚ್ಚುವರಿ ಪ್ರಭಾರ ವಹಿಸಿಕೊಳ್ಳತಕ್ಕದ್ದು ಎಂದಿತ್ತು. ಆ ಪ್ರಭಾರ ಕಳೆದ ತಿಂಗಳು ಮುಗಿಯಿತು. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬರುವವರ ಹೆಸರು ತಮ್ಮಲ್ಲಿ ಯಾರದೋ ಮೇಜಿನ ಮೇಲೆ ಇರಬಹುದು. ಆ ಕಡತಕ್ಕೆ ತಾವು ಸಹಿ ಹಾಕುವ ಮೊದಲು ಈ ಪತ್ರ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ಕೋಶಕ್ಕೆ ಹೆಚ್ಚುವರಿ ಪ್ರಭಾರದವರಲ್ಲ, ಪೂರ್ಣಾವಧಿಯ ಮುಖ್ಯಸ್ಥರೊಬ್ಬರು ಬೇಕು ಎಂಬುದೇ ನನ್ನ ವಿನಂತಿ.

ಅಧಿಕಾರ ವಹಿಸಿಕೊಂಡ ದಿನ ನನಗೆ ಸಿಕ್ಕಿದ್ದು ಒಂದು ಕೀಲಿಕೈ, ಒಂದು ರಿಜಿಸ್ಟರ್, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಇಟ್ಟಿದ್ದ ಒಂದು ಸ್ಕ್ಯಾನರ್. ಹಿಂದಿನ ಸಂಯೋಜಕರು ಒಳ್ಳೆಯವರು, ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು: ‘ಮೇಡಂ, ಹೆದರಬೇಡಿ. ವರ್ಷಕ್ಕೊಂದು ದಿನದ ಕೆಲಸ. ಡಿಸೆಂಬರ್ 3ರಂದು, ವಿಶ್ವ ವಿಕಲಚೇತನರ ದಿನ, ಒಂದು ಕಾರ್ಯಕ್ರಮ ಮಾಡಿ, ಫೋಟೊ ಇಟ್ಟುಕೊಳ್ಳಿ, ನಮಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಬೇಕಾಗುತ್ತದೆ.’ ಅವರು ಸುಳ್ಳು ಹೇಳಲಿಲ್ಲ. ಅವರಿಗೂ ಅಷ್ಟನ್ನೇ ಹೇಳಿಕೊಟ್ಟಿದ್ದರು.

ನಾನೂ ಮೊದಲ ವರ್ಷ ಅಷ್ಟೇ ಮಾಡಿದೆ. ಎರಡನೆಯ ವರ್ಷದ ಒಂದು ಪರೀಕ್ಷೆಯ ಬೆಳಿಗ್ಗೆ ನನ್ನ ಕಣ್ಣು ತೆರೆಸಿತು. ಅದನ್ನು ವಿವರವಾಗಿಯೇ ಹೇಳಬೇಕು.

ಅಂದು ಒಂಬತ್ತೂವರೆಯಿಂದ ನನಗೆ ಎಂ.ಎ. ತರಗತಿ. ಫೋನ್ ಸೈಲೆಂಟ್‌ನಲ್ಲಿತ್ತು. ಹತ್ತೂವರೆಗೆ ಹೊರಗೆ ಬಂದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್, ಎಲ್ಲವೂ ಒಂದೇ ನಂಬರಿನಿಂದ. ಬಿ.ಎ. ಓದುತ್ತಿದ್ದ ಹುಡುಗ, ಹುಟ್ಟು ಅಂಧ. ಇತಿಹಾಸ ಅವನ ಪ್ರೀತಿಯ ವಿಷಯ. ವಾಪಸ್ ಫೋನ್ ಮಾಡಿದೆ. ‘ಮೇಡಮ್ರ, ನನ್ನ ಸ್ಕ್ರೈಬ್‌ನ ಒಳಗ ಬಿಡವಲ್ರು. ಕ್ವೆಶ್ಚನ್ ಪೇಪರ್ ಕೊಟ್ಟಾರ, ಬರೆಯೋರಿಲ್ಲ’ ಅಂದ. ಅಳುತ್ತಿರಲಿಲ್ಲ. ದನಿ ಮಾತ್ರ ಒಣಗಿತ್ತು.

ಹೋಗಿ ನೋಡಿದೆ. ಕೊಠಡಿಯ ಕೊನೆಯ ಬೆಂಚಿನಲ್ಲಿ ಕೂತಿದ್ದ. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮುಂದಿಟ್ಟುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಸುತ್ತಲೂ ಐವತ್ತು ಪೆನ್ನುಗಳ ಸದ್ದು. ಅವನಿಗಾಗಿ ಬರೆಯಲು ಬಂದಿದ್ದ ಹುಡುಗಿ ಎರಡನೇ ಪಿಯುಸಿ. ತನ್ನ ಕಾಲೇಜು ತಪ್ಪಿಸಿ, ರಟ್ಟಿನ ಪ್ಯಾಡು, ಎರಡು ಪೆನ್ನು ಹಿಡಿದುಕೊಂಡು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿದ್ದಳು. ಮುಖ್ಯ ಅಧೀಕ್ಷಕರನ್ನು ಕೇಳಿದರೆ, ‘ಪರವಾನಗಿ ಪತ್ರ ಬಂದಿಲ್ಲ, ನಾಳೆ ಕಾಪಿ ಅಂತ ಆದರೆ ನನ್ನ ಕುತ್ತಿಗೆಗೆ ಬರುತ್ತದೆ’ ಎಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಪತ್ರ ನಾನು ಹತ್ತು ದಿನ ಮೊದಲೇ ಕಳಿಸಿದ್ದೆ. ಅದು ಟಪಾಲು ವಿಭಾಗದಿಂದ ಮೇಜಿಂದ ಮೇಜಿಗೆ ಹೋಗಿ, ಸಹಿಯಾಗದೆ ಒಂದು ಕಡತದೊಳಗೆ ಕೂತಿತ್ತು. ಫೋನ್ ಮೇಲೆ ಫೋನ್ ಮಾಡಿ, ಸಹಿ ಮಾಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತರಿಸುವ ಹೊತ್ತಿಗೆ 10.50. ಹುಡುಗಿ ಒಳಗೆ ಓಡಿದಳು. ನಾನು ನನ್ನ ಮುಂದಿನ ತರಗತಿಗೆ ಓಡಿದೆ.

ಒಂದು ಗಂಟೆಗೆ ಮತ್ತೆ ಅವನದೇ ಫೋನ್. ಉತ್ತರಪತ್ರಿಕೆ ತೆಗೆದುಕೊಂಡುಬಿಟ್ಟಿದ್ದರು. ಮೂರು ಗಂಟೆಯ ಪರೀಕ್ಷೆಗೆ ಅವನಿಗೆ ನಾಲ್ಕು ಗಂಟೆ ಸಿಗಬೇಕಿತ್ತು. ಸಿಕ್ಕಿದ್ದು ಎರಡು ಗಂಟೆ ಹತ್ತು ನಿಮಿಷ. ಯಾಕೆ ಎಂದು ಕೇಳಿದೆ. ಪತ್ರದಲ್ಲಿ ಸ್ಕ್ರೈಬ್ ಎಂದಷ್ಟೇ ಇದೆ, ಹೆಚ್ಚುವರಿ ಸಮಯ ಎಂದು ಇಲ್ಲ ಎಂಬ ಉತ್ತರ ಬಂತು. ಆ ಪತ್ರ ಬರೆದವಳು ನಾನು. ಆ ಒಂದು ಸಾಲು ಬಿಟ್ಟಿದ್ದು ನಾನೇ. ಅದನ್ನು ಕಳಿಸುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಅಪ್‌ಲೋಡ್ ಮಾಡುತ್ತ, ಅದರ ನಡುವೆ, ಹಳೆಯ ಪತ್ರವೊಂದರಿಂದ ನಕಲು ಮಾಡಿ ಟೈಪಿಸಿದ್ದ ನಮೂನೆ ಅದು. ಎಪ್ಪತ್ತರ ಮೇಲೆ ಅಂಕ ತೆಗೆಯುತ್ತಿದ್ದ ಹುಡುಗ ಅಂದು ಎರಡು ದೊಡ್ಡ ಪ್ರಶ್ನೆಗಳನ್ನು ಮುಟ್ಟದೆ ಬಂದ. ಅವನಿಗೆ ಉತ್ತರ ಗೊತ್ತಿತ್ತು. ಸಂಜೆ ಕ್ಯಾಂಟೀನ್ ಹತ್ತಿರ ಕೂತು ಆ ಎರಡಕ್ಕೂ ನನಗೆ ಬಾಯಲ್ಲಿ ಉತ್ತರ ಹೇಳಿದ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಮಾನ್ಯ ಕುಲಪತಿಗಳೇ, ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ಹೊಸ ನಿಯಮ ಬೇಕು ಎನ್ನುತ್ತಾರೆ. ನಿಯಮಕ್ಕೆ ಕೊರತೆ ಇಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯವಿತ್ತು, ಇದರಲ್ಲಿ 21 ಇವೆ. ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಥಲಸ್ಸೇಮಿಯಾ, ಸಿಕಲ್ ಸೆಲ್, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲರೂ ಅದರೊಳಗೆ ಬರುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಾಗದಂತೆ ಸೀಟು ಮೀಸಲಿಡಬೇಕು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಸಬೇಕು ಎಂದು ಅದರ 32ನೇ ಕಲಂ ಹೇಳುತ್ತದೆ. 60 ಜನರ ತರಗತಿಯಲ್ಲಿ ಮೂವರು ಎಂದಾಯಿತು. 2018ರ ಆಗಸ್ಟ್‌ನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಲಿಖಿತ ಪರೀಕ್ಷೆಗಳ ಮಾರ್ಗಸೂಚಿ ಹೊರಡಿಸಿ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು, ಸ್ಕ್ರೈಬ್‌ನನ್ನು ಅಭ್ಯರ್ಥಿಯೇ ಕರೆತರಬಹುದು, ಪರೀಕ್ಷೆ ನಡೆಸುವವರು ಕೊಡುವ ಸ್ಕ್ರೈಬ್ ಆದರೆ ಎರಡು ದಿನ ಮೊದಲು ಭೇಟಿಗೆ ಅವಕಾಶ ಕೊಡಬೇಕು ಎಂದು ಬಿಡಿಸಿ ಬಿಡಿಸಿ ಹೇಳಿತು. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವರಿಗಿದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಶೇ 40ರಷ್ಟು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದರಂತೆ 2022ರ ಆಗಸ್ಟ್‌ನಲ್ಲಿ ಇನ್ನೊಂದು ಮಾರ್ಗಸೂಚಿ ಬಂತು. 2022ರಲ್ಲೇ ಯುಜಿಸಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಸುಗಮ್ಯತೆಯ ಮಾರ್ಗಸೂಚಿಯನ್ನೂ ಕೊಟ್ಟಿತು.

ಅದೇ 2021ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಇನ್ನೊಂದು ಪ್ರಕರಣವಿದೆ. ನೀಟ್ ಬರೆಯಲು ಹೋದ ಒಬ್ಬ ವಿದ್ಯಾರ್ಥಿನಿಗೆ ಡಿಸ್‌ಗ್ರಾಫಿಯಾ, ಅಂದರೆ ಕೈಬರಹಕ್ಕೆ ಸಂಬಂಧಿಸಿದ ಕಲಿಕಾ ತೊಂದರೆ. ಅವಳಿಗೆ ಒಂದು ಗಂಟೆ ಹೆಚ್ಚುವರಿ ಸಮಯ ನಿಯಮದಲ್ಲೇ ಇತ್ತು. ಪರೀಕ್ಷಾ ಕೇಂದ್ರದಲ್ಲಿದ್ದವರಿಗೆ ಅದು ತಿಳಿದಿರಲಿಲ್ಲ. ಎಲ್ಲರ ಜೊತೆಗೇ ಅವಳ ಪತ್ರಿಕೆಯನ್ನೂ ಕಸಿದುಕೊಂಡರು. ಕೋರ್ಟು ಅನ್ಯಾಯವಾಗಿದೆ ಎಂದಿತು. ಆ ಪ್ರಕರಣದ ವಿವರ ಓದುವಾಗ ನನಗೆ ನಮ್ಮ ಹುಡುಗನ ಮಡಿಸಿದ ಪ್ರಶ್ನೆಪತ್ರಿಕೆ ಕಣ್ಣ ಮುಂದೆ ಬಂತು. ದೇಶದ ದೊಡ್ಡ ಪರೀಕ್ಷೆಯೊಂದರಲ್ಲಿ ಆದದ್ದೂ, ನಮ್ಮ ಊರಿನ ಕಾಲೇಜಿನ ಕೊಠಡಿಯಲ್ಲಿ ಆದದ್ದೂ ಒಂದೇ. ನಿಯಮ ದೆಹಲಿಯಲ್ಲಿ ಇತ್ತು, ಕೊಠಡಿಯೊಳಗೆ ತಲುಪಿರಲಿಲ್ಲ. ಅದನ್ನು ಕೊಠಡಿಯವರೆಗೆ ಹೊತ್ತು ತರುವವರು ಒಬ್ಬರು ಬೇಕು. ನಾನು ಕೇಳುತ್ತಿರುವುದು ಆ ಒಬ್ಬರನ್ನು.

ಆ ಒಬ್ಬರು ವರ್ಷವಿಡೀ ಏನು ಮಾಡುತ್ತಾರೆ ಎಂಬ ಪ್ರಶ್ನೆ ನಮ್ಮ ಸಿಂಡಿಕೇಟ್ ಸಭೆಗೆ ಹೋದ ನನ್ನ ಟಿಪ್ಪಣಿಯ ಪಕ್ಕ ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಬಂದಿತ್ತು. ಅದಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ.

ನೋಟ್ಸ್ ವಿಷಯದಿಂದಲೇ ಶುರುಮಾಡೋಣ. ನಮ್ಮ ಅಧ್ಯಾಪಕರು ಒಳ್ಳೆಯ ಮನಸ್ಸಿನಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಪಿಡಿಎಫ್ ಹಾಕುತ್ತಾರೆ. ಅಂಧ ವಿದ್ಯಾರ್ಥಿ ಅದನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಓದಿಸಿಕೊಳ್ಳಲು ನೋಡುತ್ತಾನೆ. ನಾನು ಒಮ್ಮೆ ಅವನ ಪಕ್ಕ ಕೂತು ಕೇಳಿದೆ. ಪರದೆಯ ಮೇಲೆ ನನ್ನ ಕಣ್ಣಿಗೆ ‘ಕನ್ನಡ’ ಎಂಬ ಪದ ಕಾಣುತ್ತಿತ್ತು. ಅವನ ಕಿವಿಗೆ ಬಿದ್ದದ್ದು ‘ಪಿ... ಪೌಂಡ್... ಕ್ಯೂ...’. ಇಪ್ಪತ್ತೆರಡು ಪುಟವೂ ಹೀಗೆಯೇ. ಕಾರಣ ಸರಳ. ನಾವು ದಶಕಗಳಿಂದ ಬಳಸಿದ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಲಸುಮೇಲೋಗರ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡ್‌ನಲ್ಲಿ ಟೈಪಿಸಿದರೆ ಅದೇ ಯಂತ್ರ ಸ್ವಚ್ಛವಾಗಿ ಕನ್ನಡ ಓದುತ್ತದೆ. ನುಡಿಯಲ್ಲೂ ಬರಹದಲ್ಲೂ ಯುನಿಕೋಡ್ ಬಂದು ವರ್ಷಗಳಾದವು. ಬದಲಾಗದೆ ಉಳಿದಿರುವುದು ನಮ್ಮ ಬೆರಳಿನ ಅಭ್ಯಾಸ ಮತ್ತು ಹತ್ತು ವರ್ಷದ ಹಿಂದಿನ ಫೈಲುಗಳು.

ಇದನ್ನು ಸರಿಪಡಿಸಲು ಕೋಟಿ ರೂಪಾಯಿ ಬೇಡ. ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲಿ ಜಾರಿವೆ ಎಂದು ಒಬ್ಬರು ಕೂತು ತಿದ್ದಬೇಕು. ಪ್ರತಿ ವಿಭಾಗಕ್ಕೂ ಹೋಗಿ, ಇನ್ನು ಮುಂದೆ ಹೀಗೆ ಟೈಪಿಸಿ ಸರ್ ಎಂದು ತೋರಿಸಿಕೊಡಬೇಕು. ಪುಸ್ತಕವಾದರೆ ಸ್ಕ್ಯಾನ್ ಮಾಡಿ, ಅಕ್ಷರವಾಗಿ ಮಾಡಿ, ತಿದ್ದಿ ಕೊಡಬೇಕು. ಗ್ರಂಥಾಲಯದಲ್ಲಿ ‘ಕಾಪಿರೈಟ್ ತೊಂದರೆ ಬಂದರೆ ಮೇಡಂ’ ಎಂದು ಹೆದರುತ್ತಾರೆ. ಓದಲು ಬಾರದ ರೂಪದಲ್ಲಿರುವ ಪುಸ್ತಕವನ್ನು ವಿಕಲಚೇತನರಿಗಾಗಿ ಓದಬಲ್ಲ ರೂಪಕ್ಕೆ ತರಲು 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆಯೇ ಅನುಮತಿ ಕೊಟ್ಟಿದೆ. ಈ ಬಗ್ಗೆ ಇರುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶವೂ ಭಾರತವೇ. ಇಷ್ಟನ್ನು ತಿಳಿದುಕೊಂಡು ಗ್ರಂಥಪಾಲಕರ ಹೆದರಿಕೆ ಬಿಡಿಸುವುದಕ್ಕೂ ಒಬ್ಬರು ಬೇಕು. ವಾರಕ್ಕೆ 16 ಗಂಟೆ ಪಾಠ, ಮೌಲ್ಯಮಾಪನ, ಸಮಿತಿಗಳ ನಡುವೆ ನಾನು ನಾಲ್ಕು ವರ್ಷದಲ್ಲಿ ಓದಬಲ್ಲ ರೂಪಕ್ಕೆ ತಂದದ್ದು ಒಂಬತ್ತು ಪಠ್ಯ.

ಕಿವುಡ ವಿದ್ಯಾರ್ಥಿಗಳ ಕಷ್ಟ ಬೇರೆ ತರಹದ್ದು. ಅದು ನಮಗೆ ಕಾಣುವುದೇ ಇಲ್ಲ. ಮೊದಲ ಬೆಂಚಿನಲ್ಲಿ ಕೂತು, ಅಧ್ಯಾಪಕರ ತುಟಿ ನೋಡಿ ಪಾಠ ಹಿಡಿಯಲು ಹೆಣಗುತ್ತಿದ್ದ ಹುಡುಗಿಯೊಬ್ಬಳಿದ್ದಳು. ನಾವು ಬೋರ್ಡಿಗೆ ತಿರುಗಿ ಬರೆಯುತ್ತ ಮಾತಾಡುತ್ತೇವಲ್ಲ, ಆಗ ಅವಳ ಪಾಲಿಗೆ ತರಗತಿ ನಿಂತುಹೋಗುತ್ತಿತ್ತು. ಅವಳು ಇದನ್ನು ಚೀಟಿಯಲ್ಲಿ ಬರೆದು ಕೊಟ್ಟ ದಿನ ನಾನು ಇಪ್ಪತ್ತು ವರ್ಷದ ನನ್ನ ಪಾಠದ ರೀತಿಯನ್ನೇ ಬದಲಾಯಿಸಿಕೊಂಡೆ. ಮಾತನ್ನು ಅಕ್ಷರವಾಗಿ ತೋರಿಸುವ ಮೊಬೈಲ್ ಆ್ಯಪ್ ಅವಳಿಗೆ ಸ್ವಲ್ಪ ನೆರವಾಯಿತು. ಆದರೆ ತರಗತಿಯಲ್ಲಿ ಮೊಬೈಲ್ ನಿಷೇಧ. ಅವಳೊಬ್ಬಳಿಗೆ ವಿನಾಯಿತಿ ಕೊಡಿಸಲು ಏಳು ಅಧ್ಯಾಪಕರ ಹತ್ತಿರ ಏಳು ಸಲ ಹೋಗಿ ವಿವರಿಸಬೇಕಾಯಿತು. ಇನ್ನೊಂದು ಸಂಗತಿ ಮೌಲ್ಯಮಾಪಕರಿಗೆ ಗೊತ್ತಾಗಬೇಕು. ಸನ್ನೆ ಭಾಷೆಯಲ್ಲೇ ಬೆಳೆದ ಮಗುವಿಗೆ ಕನ್ನಡ ಎರಡನೆಯ ಭಾಷೆ. ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ, ವಿಭಕ್ತಿಗಳು ನಮ್ಮ ಹಾಗೆ ಬರುವುದಿಲ್ಲ. ಅಂಥ ವಿದ್ಯಾರ್ಥಿಯ ಉತ್ತರದಲ್ಲಿ ವಿಭಕ್ತಿ ತಪ್ಪಿದರೆ ಅದು ದಡ್ಡತನವಲ್ಲ. ಭಾಷೆಯನ್ನೇ ಪಾಠ ಮಾಡುವ ನನಗೂ ಇದು ಮೊದಲು ಹೊಳೆದಿರಲಿಲ್ಲ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು ಎಂಬುದು ಗುತ್ತಿಗೆದಾರರಿಗೆ ತಿಳಿಯದೇ ಹೋದರೆ ರ‍್ಯಾಂಪ್ ಜಾರುಬಂಡೆಯಾಗುತ್ತದೆ ಎಂದಷ್ಟೇ ಹೇಳುತ್ತೇನೆ. ಆದರೆ ಒಂದು ಮಾತು ತಾವು ಕೇಳಲೇಬೇಕು. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನ ತಲೆಸುತ್ತು ಬಂದು ಕುಸಿದಳು. ‘ಬೆಳಿಗ್ಗೆಯಿಂದ ನೀರು ಕುಡಿದಿಲ್ಲ ಮೇಡಂ, ಕುಡಿಯೋದೇ ಇಲ್ಲ. ಇಲ್ಲಿ ಟಾಯ್ಲೆಟ್ ಒಳಗೆ ಕುರ್ಚಿ ಹೋಗಲ್ಲ’ ಎಂದಳು. ಏಪ್ರಿಲ್ ತಿಂಗಳು, ನಮ್ಮ ಕಡೆಯ ಬಿಸಿಲು ತಮಗೆ ಗೊತ್ತು. ಅವಳ ತರಗತಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅದನ್ನು ನೆಲಮಹಡಿಗೆ ತರಲು ಖರ್ಚು ಸೊನ್ನೆ, ವೇಳಾಪಟ್ಟಿಯಲ್ಲಿ ಎರಡು ಕೊಠಡಿ ಅದಲುಬದಲಾದರೆ ಸಾಕು. ಆ ಅದಲುಬದಲಿಗೆ ಒಂದು ಸೆಮಿಸ್ಟರ್ ಹಿಡಿಯಿತು. ಅಲ್ಲಿಯತನಕ ಸಹಪಾಠಿಗಳು ಕುರ್ಚಿಯನ್ನು ಎತ್ತಿಕೊಂಡು ಹತ್ತಿಸುತ್ತಿದ್ದರು. ನನಗೆ ವೇಳಾಪಟ್ಟಿ ಸಮಿತಿಗೆ ವಿನಂತಿ ಬರೆಯುವ ಹಕ್ಕಿತ್ತು, ಆದೇಶ ಮಾಡುವ ಹಕ್ಕಿರಲಿಲ್ಲ.

ಇನ್ನು ಕಾಣದ ವೈಕಲ್ಯಗಳು. ಇವರ ಸಂಖ್ಯೆಯೇ ಹೆಚ್ಚಿರಬಹುದು ಎಂದು ನನಗೆ ಅನ್ನಿಸುತ್ತದೆ, ಆದರೆ ಅವರು ನಮ್ಮ ಬಾಗಿಲಿಗೆ ಬರುವುದಿಲ್ಲ. ಬರುವುದು ಹೇಗೆ? ಕಚೇರಿಯ ಕೌಂಟರಿನಲ್ಲಿ ಹತ್ತು ಜನರ ಎದುರು ‘ನಿನಗೇನು ಪ್ರಾಬ್ಲಮ್? ಸರ್ಟಿಫಿಕೇಟ್ ಎಲ್ಲಿ?’ ಎಂದು ಕೇಳುವ ಪದ್ಧತಿ ನಮ್ಮದು. ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದ ಒಬ್ಬ ವಿದ್ಯಾರ್ಥಿ, ಬೆಳಗಿನ ಮಂಪರಿನಿಂದ ಮೊದಲ ತರಗತಿಗೆ ಬರಲಾಗದೆ ಹಾಜರಾತಿ ಕೊರತೆಯಲ್ಲಿ ಸಿಕ್ಕಿಬಿದ್ದ. ಕಾಯ್ದೆಯಲ್ಲಿ ಅವನಿಗೆ ಜಾಗವಿತ್ತು, ಹಾಜರಾತಿಯಲ್ಲಿ ಅವನಿಗೆ ಅನುಕೂಲ ಮಾಡಿಕೊಡಬಹುದಿತ್ತು. ಅವನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಅವನು ಕಾಲೇಜು ಬಿಟ್ಟ ಮೇಲೆ, ಅವನ ಅಕ್ಕ ಟಿ.ಸಿ. ತೆಗೆದುಕೊಂಡು ಹೋಗಲು ಬಂದಾಗ. ಕದ ಮುಚ್ಚಿ ಕೂತು ಮಾತಾಡಲು ಒಂದು ಕೋಣೆ, ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದ ಒಬ್ಬ ಮನುಷ್ಯ, ಇಷ್ಟಿದ್ದರೆ ಅವನು ಬರುತ್ತಿದ್ದನೇನೋ. ಅಧ್ಯಾಪಕರಿಗೆ ಹೋಗುವ ಪತ್ರದಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ, ಯಾವ ಅನುಕೂಲ ಕೊಡಬೇಕು ಎಂಬುದಷ್ಟೇ ಸಾಕು. ಇಂಥ ಸಣ್ಣ ಎಚ್ಚರಗಳನ್ನು ನಾನು ಬಿದ್ದು ಎದ್ದು ಕಲಿತೆ. ನನ್ನ ನಂತರ ಬರುವವರು ಮತ್ತೆ ಮೊದಲಿನಿಂದ ಬೀಳಬೇಕಾಗುತ್ತದೆ. ಬಿದ್ದ ಪೆಟ್ಟು ಮಕ್ಕಳಿಗೆ ಆಗುತ್ತದೆ.

ಸಭೆಗಳಲ್ಲಿ ಈ ವಿಷಯ ಎತ್ತಿದಾಗ ಹಿರಿಯರು ಕೈ ಮುಗಿದು ‘ಪುಣ್ಯದ ಕೆಲಸ ಮೇಡಂ’ ಎನ್ನುತ್ತಾರೆ. ಆ ಮಾತಿನ ಹಿಂದಿನ ಮನಸ್ಸಿಗೆ ನಾನೂ ಕೈ ಮುಗಿಯುತ್ತೇನೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಾವೇ ಅಂಧರಾಗಿದ್ದುಕೊಂಡು ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟ ನಾಡು ಇದು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲು. ಆದರೆ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿ ಶುಲ್ಕದ ರಸೀದಿ, ಹಾಲ್ ಟಿಕೆಟ್ ಹಿಡಿದು ಬಂದಿರುತ್ತಾನೆ. ಅವನ ಪಕ್ಕದ ಬೆಂಚಿನವನಿಗೆ ಪ್ರಶ್ನೆಪತ್ರಿಕೆ ಕೊಡುವುದನ್ನು ನಾವು ಪುಣ್ಯ ಎನ್ನುವುದಿಲ್ಲ. ಇವನಿಗೆ ಸ್ಕ್ರೈಬ್ ಕೊಡುವುದನ್ನೂ ಹಾಗೆ ಕರೆಯಬಾರದು. ಪುಣ್ಯದ ಕೆಲಸಕ್ಕೆ ಗಡುವು ಇರುವುದಿಲ್ಲ, ಮಾಡದಿದ್ದರೆ ಕೇಳುವವರೂ ಇರುವುದಿಲ್ಲ. ಪರೀಕ್ಷೆ ಹತ್ತು ಗಂಟೆಗೆ ಶುರುವಾಗುತ್ತದೆ.

ಗವಾಯಿಗಳಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ: ಅಂಧರ ಸಂಸ್ಥೆಯನ್ನು ಅಂಧರೇ ಕಟ್ಟಿದರು, ನಡೆಸಿದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೂ ಆದದ್ದು ಇದೇ. ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಂದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿಗೆ ಓದಲು ಬಂದರು. ಅವರು ಉಸಿರಾಟಕ್ಕಾಗಿ ಮಲಗಬೇಕಿದ್ದ ಕಬ್ಬಿಣದ ಯಂತ್ರ ಎಷ್ಟು ಭಾರವಿತ್ತೆಂದರೆ ಯಾವ ಹಾಸ್ಟೆಲ್‌ನಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ಕೊನೆಗೆ ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಕೋಣೆಯನ್ನೇ ಅವರ ಹಾಸ್ಟೆಲ್ ಮಾಡಿದರು. ಅವರ ಹಿಂದೆಯೇ ತೀವ್ರ ವೈಕಲ್ಯದ ಇನ್ನಷ್ಟು ವಿದ್ಯಾರ್ಥಿಗಳು ಅಲ್ಲಿ ಸೇರಿದರು. 1970ರಲ್ಲಿ ಅವರೆಲ್ಲ ಸೇರಿ ವಿಕಲಚೇತನ ವಿದ್ಯಾರ್ಥಿಗಳಿಗೆ ತಾವೇ ಒಂದು ಸೇವಾ ಕಚೇರಿ ತೆರೆದರು. ಗಾಲಿಕುರ್ಚಿ ರಿಪೇರಿ, ಆರೈಕೆಗೆ ಸಹಾಯಕರು, ಮೆಟ್ಟಿಲಿಲ್ಲದ ಬಾಡಿಗೆ ಮನೆ, ಎಲ್ಲವನ್ನೂ ಅಲ್ಲೇ ಹೊಂದಿಸಿಕೊಡುತ್ತಿದ್ದರು. ಅದರ ಮೊದಲ ನಿರ್ದೇಶಕ ಜಾನ್ ಹೆಸ್ಲರ್, ಅವರೂ ಗಾಲಿಕುರ್ಚಿಯವರೇ. ‘ನೀನು ಯಾವ ಕೆಲಸಕ್ಕೂ ಆಗುವವನಲ್ಲ’ ಎಂದು ರಾಬರ್ಟ್ಸ್‌ಗೆ ನೆರವು ನಿರಾಕರಿಸಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ನಿರ್ದೇಶಕರಾಗಿ ಹೋದರು. ನಮ್ಮ ವಿದ್ಯಾರ್ಥಿಗಳು ದಿನವೂ ಬಳಸುವ ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆಯಲು ಕೂತ ಮೈಕೆಲ್ ಕರನ್ ಕೂಡ ಅಂಧರೇ. ಹಾಗಾಗಿ ಹುದ್ದೆಗೆ ಅರ್ಜಿ ಕರೆದಾಗ ವೈಕಲ್ಯವನ್ನು ಬಾಳಿ ತಿಳಿದವರಿಗೆ ಮೊದಲ ಆದ್ಯತೆ ಇರಲಿ. ನಮ್ಮದೇ ವಿಶ್ವವಿದ್ಯಾಲಯಗಳಿಂದ ಎಂ.ಎ., ಎಂ.ಎಸ್.ಡಬ್ಲ್ಯು., ಪಿಎಚ್.ಡಿ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿರುವ ಅಂಧ ಪದವೀಧರರನ್ನು ನಾನು ಬಲ್ಲೆ. ಯಾವ ಬಾಗಿಲು ಎಲ್ಲಿ ಮುಚ್ಚುತ್ತದೆ ಎಂದು ನನಗೆ ನಾಲ್ಕು ವರ್ಷದಲ್ಲಿ ಅಷ್ಟಿಷ್ಟು ಗೊತ್ತಾಯಿತು. ಅವರಿಗೆ ಒಂದನೇ ಕ್ಲಾಸಿನಿಂದ ಗೊತ್ತು.

‘ಹುದ್ದೆ ಎಲ್ಲಿಂದ ತರುವುದು, ಪಿಂಚಣಿಗೇ ದುಡ್ಡಿಲ್ಲ’ ಎಂದು ತಾವು ಹೇಳಬಹುದು. ಆ ಕಷ್ಟ ನಿಜ. ಅತಿಥಿ ಉಪನ್ಯಾಸಕರ ಸಂಬಳ ತಿಂಗಳುಗಟ್ಟಲೆ ತಡವಾಗುವುದನ್ನು ನಾನೂ ಕಣ್ಣಾರೆ ನೋಡುತ್ತಿದ್ದೇನೆ. ಆದರೆ ನಮ್ಮಲ್ಲಿ ಕ್ರೀಡೆಗೆ ನಿರ್ದೇಶಕರಿದ್ದಾರೆ, ಗ್ರಂಥಾಲಯಕ್ಕೆ ಗ್ರಂಥಪಾಲಕರಿದ್ದಾರೆ. ಗ್ರಂಥಾಲಯವನ್ನು ಕನ್ನಡ ವಿಭಾಗದ ಯಾರಾದರೂ ಬಿಡುವಿನಲ್ಲಿ ನೋಡಿಕೊಳ್ಳಲಿ ಎಂದು ಯಾರೂ ಹೇಳುವುದಿಲ್ಲ. ಹೊಸ ಹುದ್ದೆಗೆ ಸರ್ಕಾರದ ಒಪ್ಪಿಗೆ ಬರುವವರೆಗೆ, ಈಗಿರುವ ಸಿಬ್ಬಂದಿಯಲ್ಲೇ ಒಬ್ಬರನ್ನು ಬೋಧನೆಯಿಂದ ಪೂರ್ತಿ ಬಿಡುಗಡೆ ಮಾಡಿ ಕೂರಿಸಬಹುದು. ‘ಅಂಥ ವಿದ್ಯಾರ್ಥಿಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು’ ಎಂಬ ಮಾತೂ ಬರುತ್ತದೆ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು, ಅದೂ 21 ಬಗೆಗಳನ್ನು ಎಣಿಸುವ ಮೊದಲು. ಅವರು ನಮ್ಮ ತರಗತಿಗಳಲ್ಲಿ ಯಾಕಿಲ್ಲ ಎಂದು ಕೇಳಿಕೊಂಡರೆ ನಮ್ಮ ಎರಡನೆಯ ಮಹಡಿಯ ಮೆಟ್ಟಿಲು, ಆ ಪಿಡಿಎಫ್, ಆ ಗೇಟು ನೆನಪಾಗುತ್ತವೆ.

ನೇಮಕ ಮಾಡಿದರಷ್ಟೇ ಸಾಲದು, ಆ ವ್ಯಕ್ತಿಯ ಕೈಗೆ ಏನು ಕೊಡುತ್ತೀರಿ ಎಂಬುದೂ ಮುಖ್ಯ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೇಕಾದದ್ದು ಸಹಿಯ ಅಧಿಕಾರ. ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಪತ್ರಕ್ಕೆ ಅವರ ಸಹಿಯೇ ಅಂತಿಮವಾಗಬೇಕು. ಕುಲಸಚಿವರು (ಮೌಲ್ಯಮಾಪನ) ಅದರ ಪ್ರತಿಯನ್ನು ಪಡೆದರೆ ಸಾಕು. ಹಾಲ್ ಟಿಕೆಟ್ ಮೇಲೆಯೇ ‘ಸ್ಕ್ರೈಬ್ ಇದೆ, ಗಂಟೆಗೆ 20 ನಿಮಿಷ ಹೆಚ್ಚುವರಿ’ ಎಂದು ಅಚ್ಚಾಗಿ ಬಂದರೆ ಆ ಪತ್ರವೇ ಬೇಕಾಗುವುದಿಲ್ಲ, ಯಾವ ಅಧೀಕ್ಷಕರೂ ಹೆದರಬೇಕಾಗಿಲ್ಲ. ಸ್ಕ್ರೈಬ್ ಆಗಿ ಬರುವ ಮಕ್ಕಳ ಪಟ್ಟಿಯನ್ನು ಸೆಮಿಸ್ಟರ್ ಶುರುವಿನಲ್ಲೇ ತಯಾರಿಸಬೇಕು, ಅವರಿಗೆ ಬಸ್ ಚಾರ್ಜು, ಒಂದು ಊಟದ ದುಡ್ಡು ಅದೇ ದಿನ ಕೈಗೆ ಕೊಡುವಷ್ಟು ಮುಂಗಡ ಹಣ ಆ ಕಚೇರಿಯಲ್ಲಿರಬೇಕು. ಬಿಸಿಲಲ್ಲಿ ನಿಂತಿದ್ದ ಆ ಪಿಯುಸಿ ಹುಡುಗಿಗೆ ನಮ್ಮ ವಿಶ್ವವಿದ್ಯಾಲಯ ಒಂದು ರೂಪಾಯಿ ಕೊಡಲಿಲ್ಲ. ನಾನು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. ವೇಳಾಪಟ್ಟಿ, ಪರೀಕ್ಷೆ, ಕಟ್ಟಡ, ಈ ಮೂರು ಸಮಿತಿಗಳಲ್ಲಿ ಆ ಮುಖ್ಯಸ್ಥರಿಗೆ ಕುರ್ಚಿ ಇರಬೇಕು. ಅವರು ನೇರವಾಗಿ ತಮಗೆ ಉತ್ತರಿಸಬೇಕು. ಮಧ್ಯೆ ನಾಲ್ಕು ಮೇಜು ಇದ್ದರೆ ಪತ್ರ ಮತ್ತೆ ಟಪಾಲಿನಲ್ಲಿ ಕೂರುತ್ತದೆ.

ಆ ಹುಡುಗ ಈಗ ಬಿ.ಎಡ್. ಮಾಡುತ್ತಿದ್ದಾನೆ, ಬೇರೆ ಊರಿನಲ್ಲಿ. ಅಲ್ಲೂ ತನ್ನ ಸ್ಕ್ರೈಬ್‌ನನ್ನು ತಾನೇ ಹುಡುಕಿಕೊಳ್ಳುತ್ತಾನೆ. ಪರೀಕ್ಷೆಗೆ ಒಂದು ವಾರ ಮೊದಲೇ ಅರ್ಜಿಯ ಮೂರು ಪ್ರತಿ, ಮಾರ್ಗಸೂಚಿಯ ಒಂದು ಪ್ರಿಂಟ್ ಎಲ್ಲ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾನಂತೆ. ಉಳಿದ ವಿದ್ಯಾರ್ಥಿಗಳು ಆ ವಾರ ಓದುತ್ತಿರುತ್ತಾರೆ.

ನಮ್ಮ ಕೋಶದ ಬಾಗಿಲಿನ ಬೋರ್ಡಿನ ಮೇಲೆ ಇನ್ನೂ ನನ್ನ ಮೊಬೈಲ್ ನಂಬರ್ ಇದೆ. ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಹೆಚ್ಚು ದಿನ ಉಳಿದಿಲ್ಲ, ಮಕ್ಕಳು ಈಗಾಗಲೇ ಫೋನ್ ಮಾಡಲು ಶುರುಮಾಡಿದ್ದಾರೆ. ನಾನು ಎತ್ತುತ್ತೇನೆ, ಎತ್ತದೆ ಇರಲಾರೆ. ಆದರೆ ಪತ್ರ ಕೊಡುವ ಅಧಿಕಾರ ಈಗ ನನಗಿಲ್ಲ. ಮೊನ್ನೆ ಒಬ್ಬಳು ‘ಹಾಗಾದರೆ ಯಾರಿಗೆ ಫೋನ್ ಮಾಡಲಿ ಮೇಡಂ?’ ಎಂದು ಕೇಳಿದಳು. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದಿದ್ದೇನೆ. ದಯವಿಟ್ಟು ಒಂದು ಹೆಸರು, ಒಂದು ನಂಬರ್ ಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಅಧ್ಯಾಪಕಿ